ಸ್ಕೂಬಾ ಸಿಲಿಂಡರ್ ಕಿರಿಕ್ ಮಾಡಿದಾಗ: ಪ್ರೆಶರ್, ವಾಲ್ವ್, ಸೋರಿಕೆ, ವಾಸನೆ

ಮಳೆಗಾಲದಲ್ಲಿ ನೇತ್ರಾಣಿ ದ್ವೀಪದ ಕಡೆ ಡೈವಿಂಗ್ ದೋಣಿ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ, ನೀರಿನಡಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್‌ಗಳು ಶೆಡ್ಡಿನ ಮೂಲೆಯಲ್ಲಿ ಸುಮ್ನೆ ನಿಂತಿರುತ್ತವೆ. ಮಳೆ ಬಿಟ್ಟು ಮುರುಡೇಶ್ವರದಲ್ಲಿ ಮತ್ತೆ ಕಂಪ್ರೆಸರ್ ಶುರುವಾದ ಮೊದಲ ವಾರ ಎಲ್ಲ ರಗಳೆಯೂ ಒಟ್ಟಿಗೆ ಬರುತ್ತದೆ. ಒಂದರ ವಾಲ್ವ್ ತಿರುಗುವುದಿಲ್ಲ. ಇನ್ನೊಂದು ಬುಸ್ ಅನ್ನುತ್ತದೆ. ಮತ್ತೊಂದರಿಂದ ತುಕ್ಕು ಹಿಡಿದ ನಲ್ಲಿಯ ವಾಸನೆ.

ಗಾಳಿ ತುಂಬುವ ಕೆಲಸ ನನ್ನದು. ಸಿಲಿಂಡರ್ ಬಾಡಿಗೆಗೆ ಪಡೆಯುವವರು, ಸ್ವಂತದ್ದು ಇಟ್ಟುಕೊಂಡವರು, ಈಗಷ್ಟೇ ಫಿಲ್ಲಿಂಗ್ ಕಲಿಯುತ್ತಿರುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ವಾಲ್ವ್ ಬಿಚ್ಚುವುದನ್ನು ಮಾತ್ರ ಹೇಳಿಕೊಟ್ಟಿಲ್ಲ. ಅದು ಓದಿ ಕಲಿಯುವ ಕೆಲಸ ಅಲ್ಲ.

ಒಂದು ಅಂದಾಜಿಗೆ: ಕಾರಿನ ಟೈರಿಗೆ 32 ಪಿಎಸ್‌ಐ ಹಾಕಿಸುತ್ತೇವೆ. ನಮ್ಮಲ್ಲಿರುವ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿಗೆ 3000 ಪಿಎಸ್‌ಐ, ಅಂದರೆ 207 ಬಾರ್. ತೊಂಬತ್ತು ಪಟ್ಟಿಗಿಂತ ಜಾಸ್ತಿ. ಒಳಗಿನ ಜಾಗ ಬರೀ 11.1 ಲೀಟರ್, ಆದರೆ ಅದರೊಳಗೆ ತುರುಕಿರುವುದು ಸುಮಾರು 2200 ಲೀಟರ್ ಗಾಳಿ.

“ಇದಕ್ಕೆ ಎಷ್ಟು ತುಂಬಬೇಕು ಅಂತಾನೇ ಗೊತ್ತಾಗ್ತಿಲ್ಲ”

ಗೇಜ್ ನೋಡುವ ಮೊದಲು ಸಿಲಿಂಡರಿನ ಹೆಗಲು ಓದಿ. ವಾಲ್ವ್ ಕೆಳಗಿನ ಆ ಇಳಿಜಾರಿನಲ್ಲಿ ಅಕ್ಷರಗಳನ್ನು ಕೊರೆದಿರುತ್ತಾರೆ. ಪೇಂಟ್ ತುಂಬಿಕೊಂಡು ಕಾಣದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿಯಿರಿ. ಅಕ್ಷರದ ನೆರಳು ಎದ್ದು ಕಾಣುತ್ತದೆ.

ಅಮೆರಿಕದ ಅಲ್ಯೂಮಿನಿಯಂ ಸಿಲಿಂಡರ್ ಆದರೆ ‘3ಎಎಲ್3000’ ಅಂತ ಇರುತ್ತದೆ. ಕೊನೆಯ 3000 ಅನ್ನುವುದೇ ತುಂಬುವ ಮಿತಿ, ಪಿಎಸ್‌ಐ ಲೆಕ್ಕದಲ್ಲಿ. ಹಳೇ ಸ್ಟೀಲಿನದಾದರೆ ‘3ಎಎ2400’. ಇದರ ಟೆಸ್ಟ್ ತಾರೀಖಿನ ಪಕ್ಕ ಒಂದು ಕೂಡಿಸು ಚಿಹ್ನೆ ಇದ್ದರೆ ಶೇ 10 ಜಾಸ್ತಿ, ಅಂದರೆ 2640 ಪಿಎಸ್‌ಐ ತನಕ ತುಂಬಬಹುದು. ಹಿಂದಿನ ಟೆಸ್ಟಿನಲ್ಲಿ ಆ ಚಿಹ್ನೆ ಇದ್ದು ಈಚಿನದರಲ್ಲಿ ಇಲ್ಲವಾದರೆ ಆ ರಿಯಾಯಿತಿ ಮುಗಿಯಿತು. ಅಲ್ಯೂಮಿನಿಯಂಗೆ ಈ ರಿಯಾಯಿತಿ ಇಲ್ಲವೇ ಇಲ್ಲ.

ಯುರೋಪಿನ ಸಿಲಿಂಡರಿನಲ್ಲಿ ಜನ ಎಡವುವ ಜಾಗ ಬೇರೆ. ಅಲ್ಲಿ ಎರಡು ಪ್ರೆಶರ್ ಕೊರೆದಿರುತ್ತದೆ. ‘ಪಿಡಬ್ಲ್ಯು 200’ ಅಂದರೆ ಕೆಲಸದ ಪ್ರೆಶರ್. ‘ಪಿಟಿ 300’ ಅಂದರೆ ಟೆಸ್ಟ್ ಮಾಡಿದ ಪ್ರೆಶರ್. ನಮ್ಮ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗ ಒಮ್ಮೆ ಪಿಟಿ ನೋಡಿ, “ಅಣ್ಣಾ, ಇದು 300ರದ್ದು” ಅಂತ ಖುಷಿಯಿಂದ ಹೋಸ್ ಸಿಕ್ಕಿಸುತ್ತಿದ್ದ. ಅವನದೇನೂ ತಪ್ಪಿಲ್ಲ, ಎರಡರಲ್ಲಿ ದೊಡ್ಡ ಸಂಖ್ಯೆಗೇ ಕಣ್ಣು ಹೋಗುವುದು. ಇವತ್ತಿಗೂ ಅವನು ಹೆಗಲ ಮೇಲೆ ಬೆರಳಿಟ್ಟು ಜೋರಾಗಿ ಓದಿಯೇ ಹೋಸ್ ಮುಟ್ಟುವುದು.

ಇನ್ನೊಂದು: ವಾಲ್ವ್ ಮೇಲೆ ಇರುವ ಸಂಖ್ಯೆ ವಾಲ್ವಿನದು, ಸಿಲಿಂಡರಿನದಲ್ಲ. 207 ಬಾರ್ ಸಿಲಿಂಡರಿಗೆ 300 ಬಾರ್ ವಾಲ್ವ್ ಹಾಕಿದರೆ ಅದು 300ರ ಸಿಲಿಂಡರ್ ಆಗುವುದಿಲ್ಲ. ಸಿಲಿಂಡರ್, ವಾಲ್ವ್, ತುಂಬುವ ಹೋಸ್ ಈ ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅಲ್ಲಿಗೆ ನಿಲ್ಲಿಸಬೇಕು. ಹೆಗಲು ಓದಲು ಬರದಿದ್ದರೆ, ಅಥವಾ ಅಲ್ಲಿ ಉಜ್ಜಿ ಅಳಿಸಿದಂತೆ ಕಂಡರೆ, ತುಂಬಲೇಬೇಡಿ.

“ನಿನ್ನೆ ರಾತ್ರಿ 207 ಇತ್ತು, ಬೆಳಿಗ್ಗೆ 192”

ನನಗೆ ಬರುವ ದೂರುಗಳಲ್ಲಿ ಅರ್ಧ ಇದೇ. “ಅಣ್ಣಾ, ಫುಲ್ ಟ್ಯಾಂಕಿಗೇ ದುಡ್ಡು ಕೊಟ್ಟಿದ್ದು ಅಲ್ವಾ?” ಅಂತ ಬೆಂಗಳೂರಿನಿಂದ ಬಂದವರು ಬೆಳಿಗ್ಗೆ ಏಳಕ್ಕೆ ಕೇಳುತ್ತಾರೆ. ಸಾಮಾನ್ಯವಾಗಿ ಯಾರೂ ಮೋಸ ಮಾಡಿರುವುದಿಲ್ಲ, ಏನೂ ಸೋರಿರುವುದೂ ಇಲ್ಲ. ತುಂಬುವಾಗ ಸಿಲಿಂಡರ್ ಬಿಸಿಯಾಗುತ್ತದೆ, ರಾತ್ರಿ ತಣಿಯುತ್ತದೆ, ಅಷ್ಟೇ.

ಲೆಕ್ಕ ಸುಲಭ. 207 ಬಾರ್ ಇರುವ ಸಿಲಿಂಡರಿನಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಮ್ಮಿ 0.7 ಬಾರ್ ಏರಿಳಿತ. ತುಂಬಿ ನಿಲ್ಲಿಸಿದಾಗ ಒಳಗಿನ ಗಾಳಿ 50 ಡಿಗ್ರಿ ಇದ್ದು ಬೆಳಿಗ್ಗೆ 28ಕ್ಕೆ ಇಳಿದರೆ 14-15 ಬಾರ್ ಹೋಯಿತು. ನಿಮ್ಮ 207 ಹೀಗೇ 192 ಆಗಿದ್ದು.

ಪರೀಕ್ಷೆಗೆ ಕಾಸು ಬೇಡ. ತುಂಬಿದ ತಕ್ಷಣ ಸಿಲಿಂಡರ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಗೇಜ್ ತೋರಿಸುತ್ತಿರುವುದು ಉಬ್ಬಿದ ಲೆಕ್ಕ. ಪೂರ್ತಿ ತಣ್ಣಗಾದ ಮೇಲೆ ಒಮ್ಮೆ ಬರೆದಿಡಿ. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಗೇಜಿನಲ್ಲಿ ಮತ್ತೆ ನೋಡಿ. ಎರಡು ತಣ್ಣನೆಯ ಅಳತೆ ಹೊಂದಿದರೆ ಸೋರಿಕೆ ಇಲ್ಲ. ಐದು ಬಾರ್‌ಗಿಂತ ಜಾಸ್ತಿ ಇಳಿದಿದ್ದರೆ ಮುಂದಿನ ಭಾಗಕ್ಕೆ ಹೋಗಿ. ‘ಅದೇ ಗೇಜ್’ ಅನ್ನುವುದು ಮುಖ್ಯ. ಎರಡು ಗೇಜುಗಳು ಹತ್ತು ಬಾರ್ ಜಗಳ ಆಡುವುದು ಮಾಮೂಲಿ.

ಪರಿಹಾರ: ನಿಧಾನಕ್ಕೆ ತುಂಬುವುದು. ನಿಮಿಷಕ್ಕೆ 20ರಿಂದ 40 ಬಾರ್ ಅನ್ನುವುದು ಎಲ್ಲರೂ ಒಪ್ಪುವ ವೇಗ. ನನ್ನದು 20ರ ಹತ್ತಿರ. ಬೇಗ ಮುಗಿಸಿ, “ತಣ್ಣಗಾದಾಗ ಸರಿ ಹೋಗುತ್ತೆ” ಅಂತ ಬಿಸಿಯಲ್ಲೇ 225ಕ್ಕೆ ಒತ್ತುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಷ್ಟು ಬಿಸಿಯಾಗಿದೆ ಅಂತ ಕೈಗೆ ಗೊತ್ತಾಗುವುದು ಅಂದಾಜು ಮಾತ್ರ. ಅಂದಾಜಿನ ಮೇಲೆ ಮಿತಿ ದಾಟುವ ಬದಲು ರಾತ್ರಿ ಬಿಟ್ಟು ಬೆಳಿಗ್ಗೆ ಟಾಪ್ ಮಾಡಿದರೆ ಆಯಿತು. ಸಿಲಿಂಡರನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ತುಂಬುವುದೂ ಬೇಡ. ವಾಲ್ವ್ ಬಾಯಲ್ಲಿ ನಿಂತ ಎರಡು ಹನಿ ನೀರು ಗಾಳಿಯ ಜೊತೆ ಒಳಗೆ ಹೋಗುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದು ವಾಸನೆಯ ಭಾಗದಲ್ಲಿದೆ.

“ಗೇಜ್ ಮಿತಿಗಿಂತ ಜಾಸ್ತಿ ತೋರಿಸುತ್ತಿದೆ”

ಮೊದಲು ನೆರಳಿಗೆ ಒಯ್ಯಿರಿ. 28 ಡಿಗ್ರಿಯಲ್ಲಿ ಸರಿಯಾಗಿ 207 ಇದ್ದದ್ದು, ಕಿಟಕಿ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ 60 ಡಿಗ್ರಿಗೆ ಬಿಸಿಯಾದರೆ 229 ಬಾರ್ ತೋರಿಸುತ್ತದೆ. ನೆರಳಲ್ಲಿ ಒಂದೆರಡು ಗಂಟೆ ಇಟ್ಟು ಮತ್ತೆ ನೋಡಿ. ತಣ್ಣಗಾದ ಮೇಲೂ ಮಿತಿ ಮೀರಿದ್ದರೆ ಅದು ನಿಜವಾದ ಓವರ್‌ಫಿಲ್. ವಾಲ್ವನ್ನು ಕೂದಲೆಳೆಯಷ್ಟು ತೆರೆದು, ಬಾಯಿ ಯಾರ ಕಡೆಗೂ ಇಲ್ಲದಂತೆ ತಿರುಗಿಸಿ, ನಿಧಾನಕ್ಕೆ ಇಳಿಸಿ.

ಹತ್ತು ಬಾರ್ ಜಾಸ್ತಿಯಾದ ಕೂಡಲೇ ಸಿಲಿಂಡರ್ ಒಡೆಯುವುದಿಲ್ಲ. 207ರ ಸಿಲಿಂಡರನ್ನು ಸುಮಾರು 345 ಬಾರ್‌ಗೆ ಟೆಸ್ಟ್ ಮಾಡಿರುತ್ತಾರೆ. ಆದರೆ ಆ ಟೆಸ್ಟ್, ಅಂದರೆ ಹೈಡ್ರೋ ಟೆಸ್ಟ್, ಐದು ವರ್ಷಕ್ಕೊಮ್ಮೆ, ಗಾಳಿಯ ಬದಲು ನೀರು ತುಂಬಿ, ಗಟ್ಟಿ ಕೋಣೆಯಲ್ಲಿ ನಡೆಯುವಂಥದ್ದು. ದಿನಾ ಗಾಳಿಯಲ್ಲಿ ಅದರ ಕಡೆಗೆ ಎಳೆಯುತ್ತಿದ್ದರೆ ಲೋಹ ದಣಿಯುತ್ತದೆ. ಫ್ಲಾರಿಡಾದ ಗುಹೆ ಡೈವರ್‌ಗಳು 2400 ಪಿಎಸ್‌ಐ ಸ್ಟೀಲ್ ಸಿಲಿಂಡರನ್ನು 3600ಕ್ಕೆ ತುಂಬಿಕೊಳ್ಳುವ ರೂಢಿ ಹೆಸರುವಾಸಿ. ಅದನ್ನು ನೋಡಿ ಅಲ್ಯೂಮಿನಿಯಂಗೂ ಹಾಗೇ ಮಾಡಬಹುದಾ ಅಂತ ಕೇಳಿದವರಿದ್ದಾರೆ. ಅಲ್ಯೂಮಿನಿಯಂಗೆ ಸ್ಟೀಲಿನಷ್ಟು ಸಹಿಸುವ ಗುಣ ಇಲ್ಲ. ಸ್ಟೀಲಿಗೂ ನಾನು ಹಾಗೆ ತುಂಬಿ ಕೊಡುವುದಿಲ್ಲ.

“ಎಲ್ಲಿಂದಲೋ ಸುಸ್ ಅನ್ನುತ್ತಿದೆ”

ಮನೆಯ ಗ್ಯಾಸ್ ಸಿಲಿಂಡರಿಗೆ ಮಾಡುವ ಹಾಗೇ: ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪು, ಒಂದು ಹಳೇ ಬ್ರಶ್. ಆದರೆ ಹಚ್ಚುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. ವಾಲ್ವ್ ಮುಚ್ಚಿದರೆ ಶಬ್ದ ನಿಲ್ಲುತ್ತದಾ? ಇದರಲ್ಲೇ ಅರ್ಧ ಪತ್ತೆಯಾಗುತ್ತದೆ.

ಮುಚ್ಚಿದರೆ ನಿಂತಿತು ಅಂದರೆ ದೋಷ ವಾಲ್ವಿನ ಸೀಟಿನಿಂದ (ಒಳಗೆ ಗಾಳಿ ತಡೆಯುವ ಜಾಗ) ಆಚೆ ಇದೆ. ಹತ್ತರಲ್ಲಿ ಎಂಟು ಸಲ ಅದು ವಾಲ್ವ್ ಬಾಯಿಯ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ. ಕೆಲವು ರೂಪಾಯಿಯ ವಸ್ತು. ಸಿಲಿಂಡರಿನ ಪ್ರೆಶರನ್ನು ಉಸಿರಾಡುವಷ್ಟಕ್ಕೆ ಇಳಿಸುವ ರೆಗ್ಯುಲೇಟರನ್ನು ವಾಲ್ವಿಗೆ ಎರಡು ಥರ ಜೋಡಿಸುತ್ತಾರೆ: ಹೊರಗಿನಿಂದ ಹಿಡಿದು ಬಿಗಿಯುವುದು ಯೋಕ್, ಒಳಗೆ ತಿರುಗಿಸಿ ಕೂರಿಸುವುದು ಡಿನ್. ಯೋಕ್ ವಾಲ್ವಿನಲ್ಲಿ ಓ-ರಿಂಗ್ ವಾಲ್ವಿನ ಮುಖದ ಮೇಲೆಯೇ ಕೂತಿರುತ್ತದೆ, ಡಿನ್‌ನಲ್ಲಿ ರೆಗ್ಯುಲೇಟರ್ ಕಡೆ ಇರುತ್ತದೆ. ಬೆರಳ ತುದಿಯಲ್ಲಿ ತೆಗೆದು ಬೆಳಕಿಗೆ ಹಿಡಿಯಿರಿ. ಹೊಸದು ಗುಂಡಗೆ, ಹೊಳಪಾಗಿ, ಒತ್ತಿದರೆ ಪುಟಿಯುತ್ತದೆ. ಹಳೆಯದರ ಒಂದು ಮೈ ಚಪ್ಪಟೆಯಾಗಿರುತ್ತದೆ. ಹಿಗ್ಗಿಸಿದರೆ ಕೂದಲಿನಷ್ಟು ಸಣ್ಣ ಬಿರುಕು ಬಾಯಿ ಬಿಡುತ್ತದೆ. ರಿಂಗ್ ಕೂರುವ ಕಾಲುವೆಯಲ್ಲಿ ಒಂದು ಕಾಳು ಮರಳು ಇದ್ದರೂ ಸಾಕು, ಹೊಸ ರಿಂಗ್ ಕೂಡ ಸೋರುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕಬೇಡಿ. ಹಿತ್ತಾಳೆಗೆ ಗೀರು ಬಿದ್ದರೆ ಆಮೇಲೆ ಎಷ್ಟು ರಿಂಗ್ ಬದಲಿಸಿದರೂ ಅಷ್ಟೇ. ಬಾಯಿಯ ರಿಂಗ್ ಸರಿ ಇದ್ದು, ತಿರುಗಿಸುವ ಗುಬ್ಬಿಯ ಬುಡದಲ್ಲಿ ಗುಳ್ಳೆ ಬಂದರೆ ವಾಲ್ವಿನ ಒಳಗಿನ ಸೀಲು ಸವೆದಿದೆ. ಸರ್ವಿಸ್‌ಗೆ ಕೊಡಿ.

ಮುಚ್ಚಿದರೂ ಬಾಯಿಂದಲೇ ಗಾಳಿ ಬರುತ್ತಿದ್ದರೆ ಸೀಟು ಹೋಗಿದೆ. ಇನ್ನೂ ಬಿಗಿಯಾಗಿ ತಿರುಗಿಸಿ ನಿಲ್ಲಿಸಲು ಹೋಗಬೇಡಿ. ಬಹಳ ಸಲ ಸೀಟು ಹಾಳಾಗುವುದೇ ಹಾಗೆ ಬಿಗಿದು ಬಿಗಿದು.

ಮುಚ್ಚಿದರೂ ಕುತ್ತಿಗೆಯ ಸುತ್ತ, ಅಂದರೆ ವಾಲ್ವ್ ಮತ್ತು ಸಿಲಿಂಡರ್ ಸೇರುವ ಕಡೆ, ಗುಳ್ಳೆ ಬಂದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಕುತ್ತಿಗೆಯ ಓ-ರಿಂಗ್ ಹೋಗಿರಬಹುದು, ಅದು ಸಣ್ಣ ವಿಷಯ. ಕುತ್ತಿಗೆಯಲ್ಲಿ ಬಿರುಕು ಬಿಟ್ಟಿರಬಹುದು, ಅದು ಸಣ್ಣ ವಿಷಯ ಅಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಪ್ರೆಶರ್ ಇರುವಾಗ ಸ್ಪ್ಯಾನರ್ ಹಾಕಿ ಬಿಗಿ ಮಾಡುವುದಂತೂ ಬೇಡವೇ ಬೇಡ. ಗಾಳಿ ಪೂರ್ತಿ ನಿಧಾನಕ್ಕೆ ಬಿಟ್ಟು ಪರಿಣತರಿಗೆ ಒಪ್ಪಿಸಿ. ಸಿಲಿಂಡರಿನ ಗೋಡೆಯ ಮೇಲೆಯೇ ಗುಳ್ಳೆ ಎದ್ದರೆ ಎಲ್ಲರನ್ನೂ ದೂರ ಕಳಿಸಿ.

“ಢಂ ಅಂತ ಶಬ್ದ, ಗಾಳಿಯೆಲ್ಲ ಹೊರಗೆ!”

ಇದು ಬರ್ಸ್ಟ್ ಡಿಸ್ಕ್. ಕುಕ್ಕರ್ ಮುಚ್ಚಳದ ಸೇಫ್ಟಿ ವಾಲ್ವ್ ಇದೆಯಲ್ಲ, ಅದರ ಅಣ್ಣ. ಅಮೆರಿಕ ಮಾದರಿಯ ವಾಲ್ವಿನ ಪಕ್ಕದಲ್ಲಿ ಒಂದು ಸಣ್ಣ ನಟ್ ಇರುತ್ತದೆ. ಅದರ ಒಳಗೆ ತೆಳು ತಾಮ್ರದ ಬಿಲ್ಲೆ. 3000 ಪಿಎಸ್‌ಐ ಸಿಲಿಂಡರಿನಲ್ಲಿ ಅದು 4500ರಿಂದ 5000ರ ನಡುವೆ ಹರಿಯಬೇಕು. ಯುರೋಪಿನ ವಾಲ್ವ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದೇ ಇಲ್ಲ.

ಹರಿದಾಗ ಕಿವಿ ಕಿವುಡಾಗುವಷ್ಟು ಸದ್ದು. ಕೈ ಇಟ್ಟು ತಡೆಯಲು ಹೋಗಬೇಡಿ, ದೂರ ನಿಂತು ಖಾಲಿಯಾಗಲು ಬಿಡಿ. ತುಂಬುವಾಗ ಹರಿದರೆ ಮೊದಲು ಕಂಪ್ರೆಸರಿನ ಗೇಜನ್ನೇ ಅನುಮಾನಿಸಿ. ಮಿತಿಯೊಳಗೇ ಇದ್ದು, ಸುಮ್ನೆ ನಿಂತಿದ್ದಾಗ ಹರಿದರೆ ಬಿಲ್ಲೆ ಹಳೆಯದಾಗಿದೆ. ನೂರಾರು ಫಿಲ್‌ಗಳಲ್ಲಿ ಉಬ್ಬಿ ಇಳಿದು ದಣಿದಿರುತ್ತದೆ, ಉಪ್ಪೂ ತಿಂದಿರುತ್ತದೆ. ಹೈಡ್ರೋ ಟೆಸ್ಟ್ ಮಾಡಿಸುವಾಗ ಇದನ್ನೂ ಬದಲಿಸುವುದು ಒಳ್ಳೆಯದು. ಪದೇ ಪದೇ ಹರಿಯುತ್ತದೆ ಅಂತ ಎರಡು ಬಿಲ್ಲೆ ಒಟ್ಟಿಗೆ ಹಾಕುವವರನ್ನು ಕೇಳಿದ್ದೇನೆ. ಅದು ಕುಕ್ಕರಿನ ಸೇಫ್ಟಿ ವಾಲ್ವಿಗೆ ಎಂ-ಸೀಲ್ ಮೆತ್ತಿದ ಹಾಗೆ.

ಬಿಲ್ಲೆ ಇದೆ ಅಂತ ಬೆಂಕಿಯ ಹತ್ತಿರ ಧೈರ್ಯ ಬೇಡ. ಅದಕ್ಕೆ ಗೊತ್ತಾಗುವುದು ಪ್ರೆಶರ್ ಮಾತ್ರ, ಬಿಸಿ ಅಲ್ಲ. ಅರ್ಧ ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಬೆಂಕಿಗೆ ಸಿಕ್ಕರೆ, ಬಿಲ್ಲೆ ಹರಿಯುವ ಮೊದಲೇ ಗೋಡೆ ಮೆತ್ತಗಾಗಿ ಒಡೆಯಬಹುದು.

“ಉಸಿರೆಳೆದಾಗ ಗೇಜಿನ ಮುಳ್ಳು ಕುಣಿಯುತ್ತದೆ”

ನೀರಿಗೆ ಧುಮುಕುವ ಮೊದಲು ದೋಣಿಯಲ್ಲೇ ಮುಳ್ಳು ನೋಡುತ್ತಾ ಮೂರು ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಅಲುಗಬಾರದು. ಪ್ರತಿ ಉಸಿರಿಗೂ ಬಿದ್ದು ಮತ್ತೆ ಏಳುತ್ತಿದ್ದರೆ, ಸಾಮಾನ್ಯವಾಗಿ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಚೆನ್ನಾಗಿಯೇ ಗಾಳಿ ಬರುತ್ತದೆ, 20 ಮೀಟರ್ ಕೆಳಗೆ ಬಿಗಿಯುತ್ತದೆ. ಅಲ್ಲಿ ಒಂದೊಂದು ಉಸಿರಿಗೂ ಮೂರು ಪಟ್ಟು ಗಾಳಿ ಬೇಕು.

ಪೂರ್ತಿ ತೆರೆದರೂ ಕುಣಿಯುತ್ತಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ರೆಗ್ಯುಲೇಟರಿನ ಬಾಯಲ್ಲಿರುವ ಸಣ್ಣ ಫಿಲ್ಟರಿನ ಬಣ್ಣ ನೋಡಿ. ಹೊಸದಾದರೆ ಹೊಳೆಯುವ ಲೋಹದ ಬಣ್ಣ. ಹಸಿರಾಗಿದ್ದರೆ ಉಪ್ಪುನೀರು ಒಳಗೆ ಹೋಗಿ ರೆಗ್ಯುಲೇಟರೇ ಕಿಲುಬು ಹಿಡಿದಿದೆ. ಕೆಂಪು ಕಂದು ಪುಡಿ ಸ್ಟೀಲ್ ಸಿಲಿಂಡರಿನ ತುಕ್ಕು. ಬೂದು ಬಿಳಿ ಪುಡಿ ಅಲ್ಯೂಮಿನಿಯಂದು. ಕಪ್ಪು ಜಿಡ್ಡು ಕಂಡರೆ ಕಂಪ್ರೆಸರಿನ ಎಣ್ಣೆಯನ್ನೋ ಫಿಲ್ಟರನ್ನೋ ಅನುಮಾನಿಸಬೇಕು. ಯಾವುದೇ ಬಣ್ಣವಿದ್ದರೂ ಅವತ್ತು ಆ ಸೆಟ್ಟಿನಲ್ಲಿ ಡೈವ್ ಇಲ್ಲ.

ಗುಬ್ಬಿ ತಿರುಗುವುದೇ ಇಲ್ಲ ಅಂದರೆ ಉಗುರು ಬೆಚ್ಚಗಿನ ನೀರು ಹನಿಸಿ ಉಪ್ಪು ಕರಗಿಸಿ ನೋಡಿ. ಇಕ್ಕಳ ಬೇಡ. ಇಲ್ಲೊಂದು ಎಚ್ಚರ. ವಾಲ್ವ್ ತೆರೆದರೂ ಗಾಳಿ ಬರಲಿಲ್ಲ ಅಂದ ಮಾತ್ರಕ್ಕೆ ಸಿಲಿಂಡರ್ ಖಾಲಿ ಅಂತ ಅಲ್ಲ. ಒಂದು ಅಕ್ಟೋಬರ್‌ನಲ್ಲಿ ಹೊರಗಿನವರೊಬ್ಬರು ತಂದ ಹಳೇ ಸಿಲಿಂಡರ್ ಹಾಗೇ ಇತ್ತು. ಗುಬ್ಬಿ ಸಲೀಸಾಗಿ ತಿರುಗಿತು, ಒಂದು ಚೂರು ಗಾಳಿ ಇಲ್ಲ. ಎತ್ತಿದರೆ ಯಾಕೋ ಭಾರ ಅನ್ನಿಸಿತು. ಪಕ್ಕದಲ್ಲಿ ಖಾಲಿಯದೊಂದನ್ನು ಇಟ್ಟು ಎರಡನ್ನೂ ತೂಗಿದೆವು, ಎರಡು ಕಿಲೋ ಜಾಸ್ತಿ. ತುಂಬಿದ ಗಾಳಿಯ ತೂಕವೇ ಸುಮಾರು ಎರಡೂವರೆ ಕಿಲೋ ಇರುತ್ತದೆ. ವಾಲ್ವಿನಿಂದ ಸಿಲಿಂಡರಿನೊಳಗೆ ಇಳಿಯುವ ಕೊಳವೆ ಪುಡಿಯಿಂದ ಕಟ್ಟಿಕೊಂಡಿತ್ತು. ಖಾಲಿ ಅಂದುಕೊಂಡು ಯಾರಾದರೂ ವಾಲ್ವ್ ಬಿಚ್ಚಿದ್ದರೆ?

“ರೆಗ್ಯುಲೇಟರ್ ಕೂರುತ್ತಿಲ್ಲ, ವಾಲ್ವ್ ಸಡಿಲ ಇದೆ”

ಯೋಕ್ ಜೋಡಣೆಯ ಮಿತಿ 232 ಬಾರ್. ಅದಕ್ಕಿಂತ ಮೇಲೆ ಡಿನ್ ಬೇಕು. ಡಿನ್‌ನಲ್ಲಿ ಐದು ಥ್ರೆಡ್ಡಿನದು, ಏಳು ಥ್ರೆಡ್ಡಿನದು ಅಂತ ಎರಡಿವೆ. 300 ಬಾರ್ ವಾಲ್ವಿನ ಬಾಯಿ ಆಳ, ಐದು ಥ್ರೆಡ್ಡಿನ ರೆಗ್ಯುಲೇಟರ್ ತಳ ಮುಟ್ಟುವುದಿಲ್ಲ, ಹಾಗಾಗಿ ಸೀಲ್ ಆಗುವುದಿಲ್ಲ. ಅದು ಬೇಕೆಂದೇ ಮಾಡಿದ ಏರ್ಪಾಡು. ಎರಡು ಓ-ರಿಂಗ್ ಹಾಕಿ ಕೂರಿಸಲು ಹೋಗಬೇಡಿ.

ನಿಜವಾಗಿ ಹೆದರಬೇಕಾದದ್ದು ಸಿಲಿಂಡರಿನ ಕುತ್ತಿಗೆಯ ಥ್ರೆಡ್ಡಿಗೆ. ಅಮೆರಿಕ ಮಾದರಿಯದು ಮುಕ್ಕಾಲು ಇಂಚು. ಅದು ಪೈಪ್ ಅಳತೆಯ ಹೆಸರು, ನಿಜವಾದ ತೂತು ಎಂ25ಕ್ಕಿಂತ ಸ್ವಲ್ಪ ದೊಡ್ಡದು. ಯುರೋಪಿನದು ಎಂ25, ಅಂದರೆ 25 ಮಿಲಿಮೀಟರಿನ ಥ್ರೆಡ್. ಎಂ25 ವಾಲ್ವನ್ನು ಮುಕ್ಕಾಲು ಇಂಚಿನ ಕುತ್ತಿಗೆಗೆ ಹಾಕಿದರೆ ಕೆಲವು ಸುತ್ತು ತಿರುಗಿ ಕೂತ ಹಾಗೇ ಕಾಣುತ್ತದೆ. ಸ್ವಲ್ಪ ಅಲ್ಲಾಡುತ್ತದೆ, ಅಷ್ಟೇ ಸುಳಿವು. ಆಮೇಲೆ ತುಂಬುವಾಗ ಗುಂಡಿನ ಥರ ಹಾರುತ್ತದೆ. 25 ಮಿಲಿಮೀಟರ್ ಅಗಲದ ತೂತಿನ ಮೇಲೆ 207 ಬಾರ್ ಅಂದರೆ ಒಂದು ಟನ್ ಭಾರ ಮೇಲಕ್ಕೆ ತಳ್ಳಿದ ಹಾಗೆ. ವಾಲ್ವ್ ಬದಲಿಸಿದ ಸಿಲಿಂಡರ್ ಬಂದರೆ, ಕುತ್ತಿಗೆಯ ಗುರುತು ಮತ್ತು ವಾಲ್ವಿನ ಗುರುತು ಎರಡನ್ನೂ ಓದಿ ತಾಳೆ ನೋಡಿ. ಅನುಮಾನ ಇದ್ದರೆ ಹೋಸ್ ಹಚ್ಚಲೇಬೇಡಿ.

“ಗಾಳಿ ವಾಸನೆ ಬರುತ್ತಿದೆ, ಅಲುಗಿಸಿದರೆ ಏನೋ ಸದ್ದು”

ಒಳ್ಳೆಯ ಗಾಳಿಗೆ ವಾಸನೆ ಇರಬಾರದು. ಎಣ್ಣೆ ವಾಸನೆ ಬಂದರೆ ಕಂಪ್ರೆಸರಿನ ಫಿಲ್ಟರ್ ಮುಗಿದಿದೆ. ಒದ್ದೆ ಲೋಹದ ವಾಸನೆ ಅಂದರೆ ಒಳಗೆ ನೀರಿದೆ. ಸಿಲಿಂಡರನ್ನು ಅಡ್ಡ ಮಲಗಿಸಿ ನಿಧಾನಕ್ಕೆ ಉರುಳಿಸಿ ಕಿವಿಗೊಡಿ. ಗುಳುಗುಳು ಅಂದರೆ ನೀರು, ಸರಸರ ಅಂದರೆ ಪುಡಿ. ಒದ್ದೆ ಸ್ಟೀಲ್ ಸಿಲಿಂಡರ್ ತಿಂಗಳುಗಟ್ಟಲೆ ತುಂಬಿಯೇ ನಿಂತಿದ್ದರೆ ತುಕ್ಕು ಒಳಗಿನ ಆಮ್ಲಜನಕವನ್ನೇ ತಿಂದಿರುತ್ತದೆ. ಗೇಜ್ ಚೆನ್ನಾಗಿ ತೋರಿಸುತ್ತದೆ, ಉಸಿರಾಡಿದವರು ಪ್ರಜ್ಞೆ ತಪ್ಪುತ್ತಾರೆ. ಹಳೇ ಗಾಳಿ ಬಿಟ್ಟು, ಒಳಗೆ ಪರೀಕ್ಷೆ ಮಾಡಿಸಿ, ಹೊಸದಾಗಿ ತುಂಬಿ.

ವಾಸನೆಯೇ ಇಲ್ಲದ್ದು ಎಲ್ಲಕ್ಕಿಂತ ಕೆಟ್ಟದ್ದು. ಕಾರ್ಬನ್ ಮಾನಾಕ್ಸೈಡ್. ಕಂಪ್ರೆಸರ್ ಗಾಳಿ ಎಳೆಯುವ ಬಾಯಿಯ ಹತ್ತಿರ ಜನರೇಟರ್ ಹೊಗೆ ಸುಳಿದರೆ ಸಾಕು. ಯುರೋಪಿನ ಮಾನದಂಡದಲ್ಲಿ ಉಸಿರಾಟದ ಗಾಳಿಗೆ ಇದರ ಮಿತಿ 5 ಪಿಪಿಎಂ ಮಾತ್ರ, ಅಂದರೆ ಹತ್ತು ಲಕ್ಷದಲ್ಲಿ ಐದು ಪಾಲು. ಡೈವ್ ಮಾಡಿದವರಿಗೆ ತಲೆನೋವು, ವಾಂತಿ ಬರುವ ಹಾಗೆ, ಮಂಕು. ಒಂದೇ ದಿನ ತುಂಬಿದ ಸಿಲಿಂಡರ್ ಬಳಸಿದ ಇಬ್ಬರಿಗೆ ಹೀಗಾದರೆ ಸಮುದ್ರದ ಓಲಾಟ ಅಂತ ತಳ್ಳಿಹಾಕಬೇಡಿ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಇದನ್ನು ಹಿಡಿಯುವುದಿಲ್ಲ, 98 ಅಂತಲೇ ತೋರಿಸಬಹುದು. ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಸಿಲಿಂಡರಿನ ಗಾಳಿ ಬಿಡಬೇಡಿ, ಪರೀಕ್ಷೆಗೆ ಬೇಕಾಗುತ್ತದೆ.

“ನೋಡಲು ಚೆನ್ನಾಗಿಯೇ ಇದೆ, ಹಳೇದು ಅಷ್ಟೇ”

ಹೆಗಲ ಮೇಲಿನ ಟೆಸ್ಟ್ ತಾರೀಖು, ತಿಂಗಳು ಮತ್ತು ವರ್ಷ, ನೋಡಿ. ಹೈಡ್ರೋ ಟೆಸ್ಟ್ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ, ಒಳಗಿನ ಕಣ್ಣಳತೆಯ ಪರೀಕ್ಷೆ ವರ್ಷಕ್ಕೊಮ್ಮೆ. ನಮ್ಮ ದೇಶದಲ್ಲಿ ಇದೆಲ್ಲ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಕೆಳಗೆ ಬರುತ್ತದೆ, ನೋಡಿಕೊಳ್ಳುವುದು ನಾಗಪುರದ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ). ಅವರು ಒಪ್ಪಿದ ಟೆಸ್ಟ್ ಸ್ಟೇಷನ್‌ನಲ್ಲೇ ಮಾಡಿಸಿ.

ಉಬ್ಬು, ಆಳದ ಗೀರು, ಗುಳ್ಳೆ ಎದ್ದ ಅಥವಾ ಸುಟ್ಟ ಪೇಂಟ್ ಕಂಡರೆ ಪಕ್ಕಕ್ಕಿಡಿ. ಅಲ್ಯೂಮಿನಿಯಂ 177 ಡಿಗ್ರಿ ದಾಟಿ ಬಿಸಿಯಾಗಿದ್ದರೆ ಅದರ ಗಟ್ಟಿತನ ಹೋಯಿತು, ಮತ್ತೆ ಬರುವುದಿಲ್ಲ. ಹಳೇ ಸಿಲಿಂಡರಿಗೆ ಹೊಸ ಬಣ್ಣ ಬಳಿಸಿ ಒಲೆಯಲ್ಲಿ ಬೇಯಿಸಿ ತಂದವರಿದ್ದಾರೆ. ಫಳಫಳ ಹೊಳೆಯುತ್ತಿತ್ತು. ವಾಪಸ್ ಕಳಿಸಿದೆ.

ತುಂಬ ಹಳೆಯ ಅಲ್ಯೂಮಿನಿಯಂ ಆದರೆ ಮಿಶ್ರಲೋಹ ಯಾವುದು ಅಂತ ಕೇಳಬೇಕು. 6351 ಅನ್ನುವ ಮಿಶ್ರಲೋಹದ ಕುತ್ತಿಗೆ, ಸುಮ್ನೆ ತುಂಬಿ ನಿಂತಿದ್ದರೂ ವರ್ಷಗಳಲ್ಲಿ ನಿಧಾನಕ್ಕೆ ಬಿರುಕು ಬಿಡುತ್ತದೆ. ಲಕ್ಸ್‌ಫರ್ ಕಂಪನಿ ಅಮೆರಿಕದಲ್ಲಿ 1988ರಲ್ಲಿ ಇದನ್ನು ಬಿಟ್ಟು 6061ಕ್ಕೆ ಬಂತು. ಬೇರೆ ಕಡೆ 1990ರ ದಶಕದಲ್ಲೂ 6351 ತಯಾರಾಗುತ್ತಿತ್ತು. ಈ ಬಿರುಕು ಥ್ರೆಡ್ಡಿನ ಒಳಗಡೆ ಇರುವುದರಿಂದ ಹೊರಗೆ ಕಾಣುವುದಿಲ್ಲ. ಲೋಹದಲ್ಲಿ ವಿದ್ಯುತ್ ಸುಳಿ ಎಬ್ಬಿಸಿ ಬಿರುಕು ಹಿಡಿಯುವ ಎಡ್ಡಿ ಕರೆಂಟ್ ಯಂತ್ರದಲ್ಲಿ ನೋಡಬೇಕು. ಅಂಥದ್ದನ್ನು ತಂದು “ಪೂರ್ತಿ ಬೇಡ, 100 ಬಾರ್ ಹಾಕಿ ಕೊಡಿ” ಅನ್ನುತ್ತಾರೆ. 100 ಬಾರ್‌ನಲ್ಲಿ ಒಡೆದರೂ ಕೈ ಉಳಿಯುವುದಿಲ್ಲ.

ಮೇ ಕೊನೆಯಲ್ಲಿ ಶೆಡ್ಡಿಗೆ ಹಾಕುವಾಗ ಪ್ರತಿಯೊಂದರಲ್ಲೂ 10ರಿಂದ 20 ಬಾರ್ ಉಳಿಸಿ, ವಾಲ್ವ್ ಮುಚ್ಚಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ಬುಡಕ್ಕೆ ತೊಡಿಸುವ ರಬ್ಬರ್ ಬೂಟ್ ತೆಗೆದಿಡಿ, ಅದರೊಳಗೆ ಉಪ್ಪುನೀರು ನಿಂತು ಬುಡ ತಿನ್ನುತ್ತದೆ. ಒದ್ದೆ ಸಿಮೆಂಟ್ ನೆಲದ ಮೇಲೆ ಬೇಡ, ಹಲಗೆ ಹಾಕಿ ನೆಟ್ಟಗೆ ನಿಲ್ಲಿಸಿ, ಹಗ್ಗದಿಂದ ಕಟ್ಟಿ.